ಡಾರ್ವಿನ್ ಪಾಠಕ್ಕೆ ಕಾನೂನಿನ ಬೇಲಿ: ಅಮೆರಿಕದ ಶಾಲೆಗಳಲ್ಲಿ ಜೀವವಿಕಾಸ ಬೋಧನೆಯ ಇತಿಹಾಸ

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಜೀವವಿಕಾಸವನ್ನು ಕಲಿಸುವ ಹಕ್ಕು ಕೋರ್ಟಿನ ಮೆಟ್ಟಿಲೇರಿದ್ದು 1925ರಲ್ಲಿ. ಆ ವರ್ಷ ಟೆನೆಸಿ ರಾಜ್ಯ ಈ ಪಾಠವನ್ನು ದಂಡಾರ್ಹ ಅಪರಾಧವನ್ನಾಗಿ ಮಾಡಿತು. ಅಂಥ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ದೇಶದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1968ರಲ್ಲಿ. ನಡುವಿನ 43 ವರ್ಷಗಳಲ್ಲಿ ಈ ಕಾನೂನುಗಳ ಅಡಿ ನಡೆದ ಮೊಕದ್ದಮೆಗಳನ್ನು ಬೆರಳಲ್ಲಿ ಎಣಿಸಬಹುದು. ಆದರೆ ಆ ಅವಧಿಯ ಬಹುಪಾಲು ಲಕ್ಷಾಂತರ ಮಕ್ಕಳು ಓದಿದ ಪಠ್ಯಪುಸ್ತಕಗಳಲ್ಲಿ ಜೀವವಿಜ್ಞಾನದ ಮೂಲಸೂತ್ರಕ್ಕೇ ಜಾಗವಿರಲಿಲ್ಲ. ಶಿಕ್ಷಕರ ಬಾಯಿ ಕಟ್ಟಲು ಶಿಕ್ಷೆಯೇ ಆಗಬೇಕೆಂದಿಲ್ಲ, ಅದರ ಭಯವೇ ಸಾಕು ಎಂಬುದನ್ನು ಈ ಇತಿಹಾಸ ಹೆಜ್ಜೆ ಹೆಜ್ಜೆಗೂ ತೋರಿಸುತ್ತದೆ.

ಹೈಸ್ಕೂಲು ಊರೂರಿಗೆ ಬಂದ ಕಾಲ

ಚಾರ್ಲ್ಸ್ ಡಾರ್ವಿನ್ ಅವರ 'ಜೀವಿಜಾತಿಗಳ ಉಗಮ' ಪ್ರಕಟವಾದದ್ದು 1859ರ ನವೆಂಬರಿನಲ್ಲಿ. ಅಮೆರಿಕದಲ್ಲಿ ಅದರ ಪರವಾಗಿ ಮೊದಲು ನಿಂತವರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಏಸಾ ಗ್ರೇ ಪ್ರಮುಖರು. ಗ್ರೇ ಶ್ರದ್ಧಾವಂತ ಕ್ರೈಸ್ತರು. ದೇವರಲ್ಲಿ ನಂಬಿಕೆಗೂ ನಿಸರ್ಗದ ಆಯ್ಕೆ ಎಂಬ ವಿವರಣೆಗೂ ಅವರಿಗೆ ವಿರೋಧ ಕಾಣಲಿಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಜೀವಿಗಳು ವಿಕಾಸ ಹೊಂದಿವೆ ಎಂಬ ಮಾತನ್ನು ಅಲ್ಲಿನ ಬಹುತೇಕ ಜೀವವಿಜ್ಞಾನಿಗಳು ಒಪ್ಪಿಕೊಂಡಿದ್ದರು. ಕಾಲೇಜುಗಳಲ್ಲಿ ಅದರ ಪಾಠವೂ ನಡೆಯುತ್ತಿತ್ತು. ಆಗ ದೊಡ್ಡ ಗದ್ದಲವೇನೂ ಏಳಲಿಲ್ಲ; ಕಾಲೇಜಿಗೆ ಹೋಗುತ್ತಿದ್ದವರೇ ಕಡಿಮೆ.

ಪರಿಸ್ಥಿತಿ ಬದಲಾದದ್ದು ಹೈಸ್ಕೂಲುಗಳು ಹರಡಿದಾಗ. 1890ರಲ್ಲಿ ದೇಶದ ಹೈಸ್ಕೂಲು ವಿದ್ಯಾರ್ಥಿಗಳು ಸುಮಾರು 2 ಲಕ್ಷ. 1920ರ ಹೊತ್ತಿಗೆ ಸುಮಾರು 20 ಲಕ್ಷ. ಟೆನೆಸಿಯಲ್ಲಿ 1910ರಲ್ಲಿ 10 ಸಾವಿರ ಮುಟ್ಟದಿದ್ದ ಸಂಖ್ಯೆ 1925ರ ವೇಳೆಗೆ 50 ಸಾವಿರ ದಾಟಿತು. ರೈತರ, ಕೂಲಿಕಾರರ ಮಕ್ಕಳು ಮೊದಲ ಬಾರಿಗೆ ಜೀವವಿಜ್ಞಾನದ ಪುಸ್ತಕ ಹಿಡಿದು ಮನೆಗೆ ಬಂದರು. ಬೈಬಲಿನ ಪ್ರತಿ ಅಕ್ಷರವೂ ಸತ್ಯವೆಂದು ನಂಬಿದ್ದ ಮನೆಗಳಲ್ಲಿ ಆ ಪುಸ್ತಕ ಆತಂಕ ಹುಟ್ಟಿಸಿತು. ತಮ್ಮ ತೆರಿಗೆಯ ಹಣದಿಂದ ನಡೆಯುವ ಶಾಲೆ ತಮ್ಮ ಮಕ್ಕಳ ನಂಬಿಕೆಯನ್ನೇ ಕೆಡಿಸುತ್ತಿದೆ ಎಂಬ ಭಾವನೆ ಬಲವಾಯಿತು.

ಈ ಆತಂಕಕ್ಕೆ ದನಿ ಕೊಟ್ಟವರು ವಿಲಿಯಂ ಜೆನಿಂಗ್ಸ್ ಬ್ರಯನ್. 1896, 1900 ಮತ್ತು 1908ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ಅವರು 1913ರಿಂದ 1915ರವರೆಗೆ ವಿದೇಶಾಂಗ ಮಂತ್ರಿಯೂ ಆಗಿದ್ದರು. ರೈತರ ಪರ, ಮಹಿಳೆಯರ ಮತದಾನದ ಪರ ದುಡಿದವರು. ಅವರ ವಿರೋಧದ ಹಿಂದೆ ಧರ್ಮಶ್ರದ್ಧೆಯ ಜೊತೆ ಇನ್ನೆರಡು ಕಾರಣಗಳಿದ್ದವು. ಬಲವಿದ್ದವನೇ ಬಾಳುತ್ತಾನೆ ಎಂಬ ವಿಚಾರ ಜರ್ಮನಿಯ ಯುದ್ಧೋನ್ಮಾದಕ್ಕೆ ಗೊಬ್ಬರವಾಯಿತೆಂದು ಅವರು ನಂಬಿದ್ದರು. ಸಂಬಳ ಕೊಡುವ ಜನರಿಗೆ ಶಾಲೆಯಲ್ಲಿ ಏನು ಕಲಿಸಬೇಕೆಂದು ಹೇಳುವ ಅಧಿಕಾರವಿದೆ ಎಂಬುದು ಅವರ ಎರಡನೆಯ ವಾದ. 1921ರಿಂದ ಅವರು ಊರೂರು ಸುತ್ತಿ ಭಾಷಣ ಮಾಡಿದರು. 1922ರಲ್ಲಿ ಕೆಂಟಕಿಯ ಶಾಸನಸಭೆಯಲ್ಲಿ ನಿಷೇಧದ ಮಸೂದೆ ಒಂದೇ ಮತದಿಂದ ಬಿದ್ದುಹೋಯಿತು. ಟೆನೆಸಿಯಲ್ಲಿ ಅದು ಗೆದ್ದಿತು.

ಬಟ್ಲರ್ ಕಾಯ್ದೆ ಮತ್ತು ಡೇಟನ್ ವಿಚಾರಣೆ

ರೈತರೂ ಶಾಸಕರೂ ಆಗಿದ್ದ ಜಾನ್ ವಾಷಿಂಗ್ಟನ್ ಬಟ್ಲರ್ ಮಂಡಿಸಿದ ಮಸೂದೆಗೆ ಟೆನೆಸಿಯ ಕೆಳಮನೆ 71–5 ಮತಗಳಿಂದ, ಸೆನೆಟ್ 24–6 ಮತಗಳಿಂದ ಒಪ್ಪಿಗೆ ಕೊಟ್ಟಿತು. ಗವರ್ನರ್ ಆಸ್ಟಿನ್ ಪೀ 1925ರ ಮಾರ್ಚ್ 21ರಂದು ಅಂಕಿತ ಹಾಕಿದರು. ಬೈಬಲ್ ಹೇಳುವ ದೈವಸೃಷ್ಟಿಯ ಕಥೆಯನ್ನು ಅಲ್ಲಗಳೆದು, ಮನುಷ್ಯ ಕೆಳಸ್ತರದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಹಣ ಪಡೆಯುವ ಯಾವ ಶಾಲೆಯಲ್ಲೂ, ವಿಶ್ವವಿದ್ಯಾಲಯದಲ್ಲೂ ಕಲಿಸಬಾರದು ಎಂದು ಕಾಯ್ದೆ ವಿಧಿಸಿತು. ದಂಡ 100ರಿಂದ 500 ಡಾಲರ್. ಗಿಡಮರ, ಪ್ರಾಣಿಪಕ್ಷಿಗಳ ವಿಕಾಸದ ಬಗ್ಗೆ ಕಾಯ್ದೆ ಏನನ್ನೂ ಹೇಳಲಿಲ್ಲ. ತಡೆ ಇದ್ದದ್ದು ಮನುಷ್ಯನ ವಿಷಯಕ್ಕೆ ಮಾತ್ರ.

ಇದರಿಂದ ಶಿಕ್ಷಕರು ಇಕ್ಕಟ್ಟಿಗೆ ಸಿಕ್ಕರು. ರಾಜ್ಯವೇ ನಿಗದಿ ಮಾಡಿದ್ದ ಪಠ್ಯ ಜಾರ್ಜ್ ವಿಲಿಯಂ ಹಂಟರ್ ಅವರ 'ಸಿವಿಕ್ ಬಯಾಲಜಿ' (1914). ಅದರಲ್ಲಿ ಮನುಷ್ಯನ ವಿಕಾಸದ ವಿವರವಿತ್ತು. ಪುಸ್ತಕ ಬಳಸದಿದ್ದರೆ ಕರ್ತವ್ಯಲೋಪ, ಬಳಸಿದರೆ ಅಪರಾಧ. ಅದೇ ಪುಸ್ತಕ ಬಿಳಿಯರನ್ನು ಮಾನವಕುಲಗಳ ತುದಿಯಲ್ಲಿ ಕೂರಿಸಿತ್ತು. 'ಅಯೋಗ್ಯ'ರೆನಿಸಿದವರಿಗೆ ಸಂತಾನವಾಗದಂತೆ ತಡೆಯಬೇಕೆಂಬ ಸುಜನನವಾದವನ್ನೂ ಬೋಧಿಸುತ್ತಿತ್ತು. ಆ ಕಾಲದ ವಿಜ್ಞಾನ ಬರಹದಲ್ಲಿ ಸೇರಿಕೊಂಡಿದ್ದ ಈ ವಿಷವನ್ನು ಮುಂದೆ ತೊಳೆದದ್ದೂ ವಿಜ್ಞಾನವೇ. ತಳಿವಿಜ್ಞಾನ ಬೆಳೆದಂತೆ ಜನಾಂಗಶ್ರೇಷ್ಠತೆಯ ಮಾತಿಗೆ ಆಧಾರವಿಲ್ಲವೆಂಬುದು ಸ್ಪಷ್ಟವಾಯಿತು. ತಿದ್ದಿಕೊಳ್ಳುವ ಈ ಕೆಲಸಕ್ಕೆ ಬೇಕಾದದ್ದು ಮುಕ್ತ ಚರ್ಚೆ. ಕಾಯ್ದೆ ತಡೆದದ್ದೂ ಅದನ್ನೇ.

1920ರಲ್ಲಿ ಸ್ಥಾಪನೆಯಾದ ಅಮೆರಿಕನ್ ನಾಗರಿಕ ಸ್ವಾತಂತ್ರ್ಯಗಳ ಒಕ್ಕೂಟ ಈ ಕಾಯ್ದೆಯನ್ನು ಪರೀಕ್ಷೆಗೆ ಒಡ್ಡಲು ಮುಂದಾಯಿತು. ಕಾಯ್ದೆ ಮೀರಲು ಸಿದ್ಧರಿರುವ ಶಿಕ್ಷಕರ ಮೊಕದ್ದಮೆಯ ಖರ್ಚು ತನ್ನದೆಂದು ಪತ್ರಿಕೆಯಲ್ಲಿ ಪ್ರಕಟಿಸಿತು. ಡೇಟನ್ ಎಂಬ ಪುಟ್ಟ ಊರಿನ ಕೆಲವು ಮುಖಂಡರು ಅದನ್ನು ಓದಿದರು. ವಿಚಾರಣೆ ನಡೆದರೆ ಊರಿಗೆ ಹೆಸರು ಬರುತ್ತದೆ, ವ್ಯಾಪಾರ ಕುದುರುತ್ತದೆ ಎಂದು ಲೆಕ್ಕ ಹಾಕಿ, ರಾಬಿನ್ಸನ್ ಅವರ ಔಷಧಿ ಅಂಗಡಿಯಲ್ಲಿ ಕುಳಿತು 24 ವರ್ಷದ ಶಿಕ್ಷಕ ಜಾನ್ ಸ್ಕೋಪ್ಸ್ ಅವರನ್ನು ಒಪ್ಪಿಸಿದರು. ಸ್ಕೋಪ್ಸ್ ಸಾಮಾನ್ಯ ವಿಜ್ಞಾನ ಕಲಿಸುತ್ತಿದ್ದರು, ಫುಟ್‌ಬಾಲ್ ತರಬೇತಿ ಕೊಡುತ್ತಿದ್ದರು. ಕೆಲವು ದಿನ ಜೀವವಿಜ್ಞಾನ ಶಿಕ್ಷಕರ ಬದಲಿಗೆ ಪಾಠ ಮಾಡಿದ್ದರು.

ವಿಚಾರಣೆ 1925ರ ಜುಲೈ 10ರಿಂದ 21ರವರೆಗೆ ನಡೆಯಿತು. ಸರ್ಕಾರದ ಪರ ಬ್ರಯನ್ ಬಂದರು. ಸ್ಕೋಪ್ಸ್ ಪರ ದೇಶದ ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡಾರೋ. ಷಿಕಾಗೋದ ಆಕಾಶವಾಣಿ ಕೇಂದ್ರವೊಂದು ಕಲಾಪವನ್ನು ನೇರವಾಗಿ ಪ್ರಸಾರ ಮಾಡಿತು. ವಿಜ್ಞಾನಿಗಳ ಸಾಕ್ಷ್ಯವನ್ನು ಜೂರಿಯ ಮುಂದೆ ಹೇಳಿಸಲು ನ್ಯಾಯಾಧೀಶ ಜಾನ್ ರಾಲ್ಸ್ಟನ್ ಒಪ್ಪಲಿಲ್ಲ. ಕಾಯ್ದೆ ಸರಿಯೋ ತಪ್ಪೋ ಎಂಬುದು ಅವರ ದೃಷ್ಟಿಯಲ್ಲಿ ಪ್ರಶ್ನೆಯೇ ಆಗಿರಲಿಲ್ಲ; ಸ್ಕೋಪ್ಸ್ ಅದನ್ನು ಮುರಿದರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಆಗ ಡಾರೋ ಎದುರಾಳಿ ವಕೀಲರಾದ ಬ್ರಯನ್ ಅವರನ್ನೇ ಬೈಬಲ್ ಪಂಡಿತರೆಂದು ಸಾಕ್ಷಿಕಟ್ಟೆಗೆ ಕರೆದರು. ಜುಲೈ 20ರಂದು ಕೋರ್ಟಿನ ಹೊರಗಿನ ಹುಲ್ಲುಹಾಸಿನ ಮೇಲೆ ಸುಮಾರು ಎರಡು ಗಂಟೆ ನಡೆದ ಆ ಪಾಟೀಸವಾಲು ಜಗತ್ತಿನಾದ್ಯಂತ ಸುದ್ದಿಯಾಯಿತು. ಸೃಷ್ಟಿಯ ಒಂದೊಂದು ದಿನ 24 ಗಂಟೆಯದೇ ಆಗಿರಬೇಕಿಲ್ಲ ಎಂದು ಬ್ರಯನ್ ಒಪ್ಪಿಕೊಳ್ಳಬೇಕಾಯಿತು. ಮರುದಿನ ನ್ಯಾಯಾಧೀಶರು ಆ ಸಾಕ್ಷ್ಯವನ್ನು ದಾಖಲೆಯಿಂದ ತೆಗೆಸಿದರು. ಮೇಲ್ಮನವಿಯ ದಾರಿ ತೆರೆಯಲೆಂದು ಡಾರೋ ಅವರೇ ತಪ್ಪಿತಸ್ಥನೆಂಬ ತೀರ್ಪು ಕೇಳಿದರು. ಜೂರಿ ಒಂಬತ್ತು ನಿಮಿಷಗಳಲ್ಲಿ ಅದನ್ನು ಕೊಟ್ಟಿತು. ಬಿದ್ದ ದಂಡ 100 ಡಾಲರ್. ಐದು ದಿನಗಳ ನಂತರ, ಜುಲೈ 26ರಂದು, ಬ್ರಯನ್ ಡೇಟನ್‌ನಲ್ಲೇ ತೀರಿಕೊಂಡರು.

ಮೇಲ್ಮನವಿಯ ತೀರ್ಪು 1927ರ ಜನವರಿಯಲ್ಲಿ ಬಂತು. ಶಿಕ್ಷಕ ರಾಜ್ಯದ ನೌಕರ, ತನ್ನ ನೌಕರ ಏನು ಕಲಿಸಬೇಕೆಂದು ಹೇಳುವ ಅಧಿಕಾರ ರಾಜ್ಯಕ್ಕಿದೆ ಎಂದು ಟೆನೆಸಿಯ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 50 ಡಾಲರಿಗಿಂತ ಹೆಚ್ಚಿನ ದಂಡವನ್ನು ಜೂರಿಯೇ ನಿಗದಿ ಮಾಡಬೇಕು, ಇಲ್ಲಿ ನ್ಯಾಯಾಧೀಶರು ಮಾಡಿದ್ದಾರೆ ಎಂಬ ತಾಂತ್ರಿಕ ಕಾರಣಕ್ಕೆ ಶಿಕ್ಷೆ ರದ್ದಾಯಿತು. ಶಿಕ್ಷೆಯೇ ಇಲ್ಲವಾದ ಮೇಲೆ ದೇಶದ ಸುಪ್ರೀಂ ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿತು.

ಪಠ್ಯಪುಸ್ತಕದ ಮೌನ

ಡೇಟನ್‌ನಲ್ಲಿ ನಿಷೇಧವಾದಿಗಳಿಗೆ ಮುಖಭಂಗವಾಯಿತು ಎಂಬುದು ಜನಪ್ರಿಯ ಕಲ್ಪನೆ. ನಡೆದದ್ದು ಬೇರೆ. 1926ರಲ್ಲಿ ಮಿಸಿಸಿಪಿ ಇಂಥದೇ ಕಾಯ್ದೆ ಮಾಡಿತು. 1928ರಲ್ಲಿ ಆರ್ಕನ್ಸಾ ರಾಜ್ಯದ ಮತದಾರರು ನೇರ ಮತದಾನದಲ್ಲಿ ದೊಡ್ಡ ಬಹುಮತದಿಂದ ನಿಷೇಧವನ್ನು ಜಾರಿಗೆ ತಂದರು. ಟೆಕ್ಸಸ್ ಕಾಯ್ದೆಯ ಗೋಜಿಗೇ ಹೋಗದೆ, ತಾನು ಕೊಳ್ಳುವ ಪುಸ್ತಕಗಳಿಂದ ಆ ಭಾಗಗಳನ್ನು ತೆಗೆಸಿತು.

ಪ್ರಕಾಶಕರಿಗೆ ಇಷ್ಟು ಸೂಚನೆ ಸಾಕಾಯಿತು. ದಕ್ಷಿಣದ ರಾಜ್ಯಗಳು ಇಡೀ ರಾಜ್ಯಕ್ಕೆ ಒಂದೇ ಪುಸ್ತಕ ಆರಿಸುತ್ತಿದ್ದುದರಿಂದ ಅಲ್ಲಿನ ಮಾರುಕಟ್ಟೆಯನ್ನು ಕಳೆದುಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ಹಂಟರ್ ಅವರ ಪುಸ್ತಕದ 1926ರ ಹೊಸ ಆವೃತ್ತಿಯಲ್ಲಿ 'ವಿಕಾಸ' ಎಂಬ ಪದವೇ ಉಳಿಯಲಿಲ್ಲ. ಟ್ರೂಮನ್ ಮೂನ್ ಅವರ ಜನಪ್ರಿಯ ಪಠ್ಯದ 1921ರ ಆವೃತ್ತಿ ಡಾರ್ವಿನ್ ಚಿತ್ರದಿಂದ ಆರಂಭವಾಗುತ್ತಿತ್ತು. 1926ರಲ್ಲಿ ಆ ಜಾಗಕ್ಕೆ ಮನುಷ್ಯನ ಜೀರ್ಣಾಂಗಗಳ ಚಿತ್ರ ಬಂತು. ಟೆನೆಸಿಗಾಗಿ ತಿದ್ದಿದ ಪುಸ್ತಕವನ್ನೇ ನಿಷೇಧವಿಲ್ಲದ ಉತ್ತರದ ಮಕ್ಕಳೂ ಓದಿದರು. ವಿಜ್ಞಾನಿಗಳು ಡಾರ್ವಿನ್ ವಿಚಾರವನ್ನು ಮೆಂಡೆಲ್‌ನ ತಳಿವಿಜ್ಞಾನದೊಂದಿಗೆ ಬೆಸೆದು ಆಧುನಿಕ ಜೀವವಿಜ್ಞಾನವನ್ನು ಕಟ್ಟಿದ್ದು ಇದೇ 1930 ಮತ್ತು 1940ರ ದಶಕಗಳಲ್ಲಿ. ಸಂಶೋಧನೆ ಮುಂದೆ ಓಡುತ್ತಿದ್ದಾಗ ಶಾಲೆಯ ಪಾಠ ಹಿಂದಕ್ಕೆ ಸರಿಯಿತು.

ಸ್ಪುಟ್ನಿಕ್‌ನಿಂದ ಸುಪ್ರೀಂ ಕೋರ್ಟಿಗೆ

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ತನ್ನ ವಿಜ್ಞಾನ ಶಿಕ್ಷಣದತ್ತ ಗಾಬರಿಯಿಂದ ತಿರುಗಿ ನೋಡಿತು. ಕೇಂದ್ರ ಸರ್ಕಾರದ ಹಣ ಪಠ್ಯ ಸುಧಾರಣೆಗೆ ಹರಿಯಿತು. 1958ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ಜೀವವಿಜ್ಞಾನ ಪಠ್ಯಕ್ರಮ ಅಧ್ಯಯನ ಸಂಸ್ಥೆ ಆರಂಭವಾಯಿತು. ವಿಜ್ಞಾನಿಗಳೂ ಅನುಭವಿ ಶಿಕ್ಷಕರೂ ಕೂಡಿ ಬರೆದ, ನೀಲಿ, ಹಳದಿ, ಹಸಿರು ರಟ್ಟಿನ ಮೂರು ಪಠ್ಯಗಳು 1963ರಲ್ಲಿ ಹೊರಬಂದವು. ಮೂರರಲ್ಲೂ ಜೀವವಿಕಾಸವೇ ಇಡೀ ವಿಷಯವನ್ನು ಪೋಣಿಸುವ ದಾರ. ಕೆಲವೇ ವರ್ಷಗಳಲ್ಲಿ ದೇಶದ ಹೈಸ್ಕೂಲುಗಳ ದೊಡ್ಡ ಪಾಲು ಈ ಪುಸ್ತಕಗಳನ್ನು ಬಳಸತೊಡಗಿತು.

ಹೊಸ ಬಗೆಯ ಪಠ್ಯಗಳು ಶಾಲೆಗಳಿಗೆ ಬಂದದ್ದೇ ಹಳೆಯ ಕಾಯ್ದೆಗಳು ಮತ್ತೆ ಕೋರ್ಟಿಗೆ ಬಂದವು. ಆರ್ಕನ್ಸಾದ ಲಿಟಲ್ ರಾಕ್ ಸೆಂಟ್ರಲ್ ಹೈಸ್ಕೂಲಿನ ಜೀವವಿಜ್ಞಾನ ಶಿಕ್ಷಕಿ ಸೂಸನ್ ಎಪರ್ಸನ್ ಅವರ ಮುಂದೆ 1965ರಲ್ಲಿ ವಿಕಾಸದ ಅಧ್ಯಾಯವಿದ್ದ ಹೊಸ ಪಠ್ಯ ಬಂತು. ಅದನ್ನು ಕಲಿಸಿದರೆ ದಂಡದ ಜೊತೆ ಕೆಲಸವೂ ಹೋಗಬಹುದಿತ್ತು. ಎಪರ್ಸನ್ ಆರೋಪಿಯಾಗುವವರೆಗೆ ಕಾಯಲಿಲ್ಲ. ತಾವೇ ಕಾನೂನಿನ ವಿರುದ್ಧ ದಾವೆ ಹೂಡಿದರು. ಶ್ರದ್ಧಾವಂತ ಕ್ರೈಸ್ತರಾಗಿದ್ದ ಅವರಿಗೆ ಧರ್ಮದೊಂದಿಗೆ ಜಗಳವಿರಲಿಲ್ಲ. ತಮ್ಮ ವಿಷಯವನ್ನು ಪ್ರಾಮಾಣಿಕವಾಗಿ ಕಲಿಸುವುದಷ್ಟೇ ಬೇಕಿತ್ತು. ಈ ನಡುವೆ, 1967ರ ಮೇ ತಿಂಗಳಲ್ಲಿ, ಟೆನೆಸಿ ತಾನಾಗಿಯೇ ಬಟ್ಲರ್ ಕಾಯ್ದೆಯನ್ನು ಹಿಂದಕ್ಕೆ ಪಡೆಯಿತು.

1968ರ ನವೆಂಬರ್ 12ರಂದು ಸುಪ್ರೀಂ ಕೋರ್ಟ್ ಆರ್ಕನ್ಸಾದ ಕಾಯ್ದೆಯನ್ನು ರದ್ದು ಮಾಡಿತು. ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ಏಬ್ ಫೋರ್ಟಾಸ್ ಟೆನೆಸಿಯ ಮೆಂಫಿಸ್‌ನವರು. ಸ್ಕೋಪ್ಸ್ ವಿಚಾರಣೆಯ ಕಾಲಕ್ಕೆ 15 ವರ್ಷದ ಹುಡುಗ. ಒಂದು ಧರ್ಮಗ್ರಂಥಕ್ಕೆ ಒಪ್ಪದು ಎಂಬ ಒಂದೇ ಕಾರಣಕ್ಕೆ ಜ್ಞಾನದ ಒಂದು ಭಾಗವನ್ನು ಪಠ್ಯದಿಂದ ಹೊರಗಿಡುವುದು, ಧರ್ಮಗಳ ವಿಷಯದಲ್ಲಿ ಸರ್ಕಾರ ತಟಸ್ಥವಾಗಿರಬೇಕೆಂಬ ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧ ಎಂಬುದು ತೀರ್ಪಿನ ಸಾರ. ಶಿಕ್ಷಕರ ಬೋಧನಾ ಸ್ವಾತಂತ್ರ್ಯವನ್ನು ಕೋರ್ಟ್ ತೀರ್ಪಿನ ಆಧಾರವನ್ನಾಗಿ ಮಾಡಿಕೊಳ್ಳಲಿಲ್ಲ. ಶಾಲೆ ಬೇಡವೆಂದ ವಿಷಯವನ್ನು ಕಲಿಸುವ ಸಾಂವಿಧಾನಿಕ ಹಕ್ಕು ಶಿಕ್ಷಕರಿಗಿದೆ ಎಂದು ಹೇಳಲು ತಾವು ಸಿದ್ಧರಿಲ್ಲ ಎಂದು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಪ್ರತ್ಯೇಕವಾಗಿ ಬರೆದರು. ಜೀವವಿಕಾಸದ ಪಾಠಕ್ಕೆ ರಕ್ಷಣೆ ಸಿಕ್ಕಿತು. ಶಿಕ್ಷಕರ ಸ್ವಾತಂತ್ರ್ಯದ ಪ್ರಶ್ನೆ ಹಾಗೆಯೇ ಉಳಿಯಿತು.

'ಸಮಾನ ಸಮಯ'ದ ವಾದ

ನಿಷೇಧದ ದಾರಿ ಮುಚ್ಚಿದಾಗ ವಿರೋಧಿಗಳು ಸಮಾನತೆಯ ಮಾತು ಹಿಡಿದರು. ಬೈಬಲಿನ ಸೃಷ್ಟಿಕಥೆಯನ್ನು 'ಸೃಷ್ಟಿವಿಜ್ಞಾನ' ಎಂದು ಕರೆದು, ವಿಕಾಸ ಕಲಿಸುವಲ್ಲಿ ಅದಕ್ಕೂ ಅಷ್ಟೇ ಸಮಯ ಕೊಡಬೇಕೆಂದು ಕೇಳಿದರು. 1981ರಲ್ಲಿ ಆರ್ಕನ್ಸಾ ಮತ್ತು ಲೂಸಿಯಾನ ಅಂಥ ಕಾಯ್ದೆಗಳನ್ನು ಮಾಡಿದವು. ಆರ್ಕನ್ಸಾ ಕಾಯ್ದೆಯ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಹಲವರು ಪಾದ್ರಿಗಳು. ಮೊದಲ ಫಿರ್ಯಾದಿ ವಿಲಿಯಂ ಮೆಕ್ಲೀನ್ ಮೆಥೊಡಿಸ್ಟ್ ಪಾದ್ರಿ. ನೈಸರ್ಗಿಕ ನಿಯಮಗಳ ಆಧಾರ, ಪರೀಕ್ಷೆಗೆ ಒಡ್ಡಿಕೊಳ್ಳುವ ಗುಣ, ಸಾಕ್ಷ್ಯ ಬಂದರೆ ಬದಲಾಗುವ ಸಿದ್ಧತೆ, ಸುಳ್ಳೆಂದು ತೋರಿಸಲು ಸಾಧ್ಯವಿರುವಿಕೆ ಇವೇ ವಿಜ್ಞಾನದ ಲಕ್ಷಣಗಳು, 'ಸೃಷ್ಟಿವಿಜ್ಞಾನ'ದಲ್ಲಿ ಇವು ಇಲ್ಲ ಎಂದು ನ್ಯಾಯಾಧೀಶ ವಿಲಿಯಂ ಓವರ್ಟನ್ 1982ರ ಜನವರಿ 5ರಂದು ತೀರ್ಪಿತ್ತರು. ಲೂಸಿಯಾನದ ಕಾಯ್ದೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 72 ಮಂದಿ ನೊಬೆಲ್ ಪುರಸ್ಕೃತರು ಅದರ ವಿರುದ್ಧ ಲಿಖಿತ ಅಭಿಪ್ರಾಯ ಸಲ್ಲಿಸಿದರು. 1987ರ ಜೂನ್ 19ರಂದು ಏಳು ನ್ಯಾಯಮೂರ್ತಿಗಳು ಅದನ್ನು ಸಂವಿಧಾನವಿರೋಧಿ ಎಂದರು, ಇಬ್ಬರು ಒಪ್ಪಲಿಲ್ಲ.

ಡೋವರ್‌ನ ಶಿಕ್ಷಕರು

1987ರ ನಂತರ ಸೃಷ್ಟಿವಾದ 'ಬುದ್ಧಿವಂತ ವಿನ್ಯಾಸ' ಎಂಬ ಹೆಸರಿನಲ್ಲಿ ಬಂತು. ಜೀವಿಗಳ ರಚನೆ ಅತಿ ಸಂಕೀರ್ಣ, ಅದರ ಹಿಂದೆ ಒಬ್ಬ ವಿನ್ಯಾಸಕಾರ ಇರಲೇಬೇಕು ಎಂಬುದು ಅದರ ವಾದ. 2004ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯದ ಡೋವರ್ ಶಾಲಾ ಮಂಡಳಿ 6–3 ಮತಗಳಿಂದ ಒಂದು ನಿರ್ಣಯ ಮಾಡಿತು. ಅದರಂತೆ, ಡಾರ್ವಿನ್ ಸಿದ್ಧಾಂತದಲ್ಲಿ ಲೋಪಗಳಿವೆ, ಬುದ್ಧಿವಂತ ವಿನ್ಯಾಸದ ಪುಸ್ತಕ ಶಾಲೆಯಲ್ಲಿ ಲಭ್ಯವಿದೆ ಎಂಬ ಹೇಳಿಕೆಯನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಓದಿಹೇಳಬೇಕಿತ್ತು.

ಶಾಲೆಯ ವಿಜ್ಞಾನ ಶಿಕ್ಷಕರು ಅದನ್ನು ಓದಲು ಒಪ್ಪಲಿಲ್ಲ. ಸುಳ್ಳೆಂದು ತಿಳಿದ ಮಾಹಿತಿಯನ್ನು ಮಕ್ಕಳ ಮುಂದಿಡಬಾರದು ಎಂಬ ವೃತ್ತಿಸಂಹಿತೆ ತಮ್ಮನ್ನು ಕಟ್ಟಿಹಾಕಿದೆ ಎಂದು ಲಿಖಿತವಾಗಿ ತಿಳಿಸಿದರು. 2005ರ ಜನವರಿಯಲ್ಲಿ ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಹೇಳಿಕೆ ಓದಿ ಹೋಗಬೇಕಾಯಿತು. ನೂರು ವರ್ಷಗಳ ಈ ಇತಿಹಾಸದಲ್ಲಿ ಬೋಧನಾ ಸ್ವಾತಂತ್ರ್ಯದ ಅರ್ಥ ಇಷ್ಟು ಸ್ಪಷ್ಟವಾಗಿ ಕಂಡ ಸಂದರ್ಭ ಇನ್ನೊಂದಿಲ್ಲ. ಆ ಶಿಕ್ಷಕರು ತಮ್ಮ ಅಭಿಪ್ರಾಯ ಹೇಳಲು ಅವಕಾಶ ಕೇಳಲಿಲ್ಲ. ವಿಷಯಕ್ಕೆ ದ್ರೋಹ ಮಾಡದಿರುವ ಹಕ್ಕನ್ನು ಕೇಳಿದರು.

ಹನ್ನೊಂದು ಮಂದಿ ಪೋಷಕರು ಹೂಡಿದ ದಾವೆಯ ವಿಚಾರಣೆ ಹ್ಯಾರಿಸ್‌ಬರ್ಗ್‌ನಲ್ಲಿ ಸುಮಾರು ಆರು ವಾರ ನಡೆಯಿತು. ಮಂಡಳಿ ಶಿಫಾರಸು ಮಾಡಿದ ಪುಸ್ತಕದ ಹಳೆಯ ಕರಡುಗಳು ಸಾಕ್ಷ್ಯವಾಗಿ ಬಂದವು. 1987ರ ತೀರ್ಪಿಗೆ ಮುಂಚಿನ ಕರಡುಗಳಲ್ಲಿ 'ಸೃಷ್ಟಿ' ಎಂದಿದ್ದ ಕಡೆಗಳಲ್ಲೆಲ್ಲ ನಂತರ 'ಬುದ್ಧಿವಂತ ವಿನ್ಯಾಸ' ಎಂದು ಬದಲಾಯಿಸಿದ್ದು ಬಯಲಾಯಿತು. ಬುದ್ಧಿವಂತ ವಿನ್ಯಾಸ ವಿಜ್ಞಾನವಲ್ಲ, ಧಾರ್ಮಿಕ ನಂಬಿಕೆ ಎಂದು ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಕೊಟ್ಟರು. ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್. ಅದಕ್ಕೂ ಮೊದಲೇ, ನವೆಂಬರಿನ ಚುನಾವಣೆಯಲ್ಲಿ, ಈ ನೀತಿಯನ್ನು ಬೆಂಬಲಿಸಿ ನಿಂತಿದ್ದ ಮಂಡಳಿ ಸದಸ್ಯರನ್ನು ಮತದಾರರು ಸೋಲಿಸಿದ್ದರು.

ಸ್ವಾತಂತ್ರ್ಯದ ಹೆಸರಿನಲ್ಲಿ

ಡೋವರ್ ನಂತರದ ಕಾಯ್ದೆಗಳು ಶೈಕ್ಷಣಿಕ ಸ್ವಾತಂತ್ರ್ಯದ ಮಾತನ್ನೇ ಬಳಸಿದವು. 2008ರಲ್ಲಿ ಲೂಸಿಯಾನ, 2012ರಲ್ಲಿ ಟೆನೆಸಿ ಮಾಡಿದ ಕಾಯ್ದೆಗಳು, ವಿಕಾಸದಂಥ ವಿಷಯಗಳನ್ನು ವಿಮರ್ಶಾತ್ಮಕವಾಗಿ ಚರ್ಚಿಸುವ ಶಿಕ್ಷಕರಿಗೆ ಬೆಂಬಲ ಕೊಡುತ್ತೇವೆ ಎಂದವು. ಕೇಳಲು ಇದು ಉದಾರವಾದ ಮಾತು. ಆದರೆ ವಿಜ್ಞಾನಿಗಳ ನಡುವೆ ಇಲ್ಲದ ವಿವಾದವನ್ನು ತರಗತಿಯಲ್ಲಿ ಹುಟ್ಟಿಸುವುದಕ್ಕೆ ಸ್ವಾತಂತ್ರ್ಯ ಎಂಬ ಹೆಸರು ಒಪ್ಪುವುದಿಲ್ಲ. ಶಿಕ್ಷಕರ ಸ್ವಾತಂತ್ರ್ಯ ಅವರು ಕಲಿಸುವ ವಿಷಯದ ಸತ್ಯಕ್ಕೆ ಬದ್ಧವಾದದ್ದು. ಸೃಷ್ಟಿವಾದ ಕಲಿಸುವುದು ತಮ್ಮ ಹಕ್ಕೆಂದು 1990ರ ದಶಕದಲ್ಲಿ ಕೋರ್ಟಿಗೆ ಹೋದ ಶಿಕ್ಷಕರ ವಾದವನ್ನು ಮೇಲ್ಮನವಿ ನ್ಯಾಯಾಲಯಗಳು ಒಪ್ಪದಿದ್ದದ್ದು ಸರಿಯಾಗಿಯೇ ಇತ್ತು.

ತೀರ್ಪುಗಳಿಂದಲೇ ಎಲ್ಲವೂ ಸರಿಹೋಗಲಿಲ್ಲ. 2007ರಲ್ಲಿ ಅಮೆರಿಕದ ಹೈಸ್ಕೂಲು ಜೀವವಿಜ್ಞಾನ ಶಿಕ್ಷಕರ ಸಮೀಕ್ಷೆ ನಡೆಸಿದ ಮೈಕೆಲ್ ಬರ್ಕ್‌ಮನ್ ಮತ್ತು ಎರಿಕ್ ಪ್ಲಟ್ಝರ್, ಸುಮಾರು ಶೇ. 28 ಮಂದಿ ಮಾತ್ರ ವಿಕಾಸವನ್ನು ಅಳುಕಿಲ್ಲದೆ ಕಲಿಸುತ್ತಾರೆ, ಸುಮಾರು ಶೇ. 13 ಮಂದಿ ಸೃಷ್ಟಿವಾದದ ಪರ ಮಾತಾಡುತ್ತಾರೆ ಎಂದು ಕಂಡರು. ಉಳಿದ ಸುಮಾರು ಶೇ. 60 ಮಂದಿ ಯಾರ ತಂಟೆಯೂ ಬೇಡವೆಂದು ವಿಷಯವನ್ನು ಮೇಲೆಮೇಲೆ ಮುಟ್ಟಿ ಮುಗಿಸುತ್ತಿದ್ದರು. ಪೋಷಕರ ದೂರಿನ ಭಯ, ವಿಷಯದಲ್ಲಿ ಸಾಕಷ್ಟು ತರಬೇತಿಯಿಲ್ಲದ ಹಿಂಜರಿಕೆ ಇದಕ್ಕೆ ಕಾರಣ. 2019ರ ಸಮೀಕ್ಷೆಯಲ್ಲಿ ಪರಿಸ್ಥಿತಿ ಸುಧಾರಿಸಿತ್ತು. ವಿಕಾಸವನ್ನು ಸ್ಥಾಪಿತ ವಿಜ್ಞಾನವೆಂದು ಕಲಿಸುವವರ ಪ್ರಮಾಣ ಶೇ. 51ರಿಂದ ಶೇ. 67ಕ್ಕೆ ಏರಿತ್ತು. ಉತ್ತಮ ಪಠ್ಯಕ್ರಮ ಮತ್ತು ಶಿಕ್ಷಕರ ತಯಾರಿ ಈ ಬದಲಾವಣೆಗೆ ನೆರವಾದವು.

ಭಾರತದ ಮಕ್ಕಳಿಗೂ ಈ ಇತಿಹಾಸದಲ್ಲಿ ಪಾಠವಿದೆ. ಇಲ್ಲಿ ಜೀವವಿಕಾಸದ ಬೋಧನೆಯನ್ನು ನಿಷೇಧಿಸಿದ ಕಾಯ್ದೆ ಇಲ್ಲ. 2018ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರು ಡಾರ್ವಿನ್ ಸಿದ್ಧಾಂತ ತಪ್ಪು, ಪಠ್ಯದಲ್ಲಿ ಅದನ್ನು ಬದಲಿಸಬೇಕು ಎಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಆದರೆ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ 'ಅನುವಂಶೀಯತೆ ಮತ್ತು ಜೀವವಿಕಾಸ' ಅಧ್ಯಾಯ 2023ರ ಪುಸ್ತಕದಲ್ಲಿ ಬರೀ 'ಅನುವಂಶೀಯತೆ' ಆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರದಲ್ಲಿ ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯಲ್ಲಿ ಈ ವಿಷಯವಿದೆ ಎಂಬ ಉತ್ತರ ಬಂತು. ಹತ್ತರ ನಂತರ ಕಲೆ, ವಾಣಿಜ್ಯ ಆರಿಸಿಕೊಳ್ಳುವ ಮಕ್ಕಳಿಗೆ ಆ ಉತ್ತರದಿಂದ ಪ್ರಯೋಜನವಿಲ್ಲ. ಕರ್ನಾಟಕದ ಎಸ್‌ಎಸ್‌ಎಲ್‌ಸಿ ವಿಜ್ಞಾನ ಪಠ್ಯವೂ ಎನ್‌ಸಿಇಆರ್‌ಟಿ ಪುಸ್ತಕವನ್ನು ಆಧರಿಸಿರುವುದರಿಂದ ದೆಹಲಿಯ ಇಂಥ ನಿರ್ಧಾರಗಳನ್ನು ಇಲ್ಲಿನ ಪೋಷಕರೂ ಶಿಕ್ಷಕರೂ ಎಚ್ಚರದಿಂದ ಗಮನಿಸಬೇಕು.

ಜೀವವಿಕಾಸದ ಪಾಠಕ್ಕೆ ಅಮೆರಿಕದಲ್ಲಿ ಅತಿ ದೊಡ್ಡ ಹಾನಿ ಮಾಡಿದ್ದು ಕೋರ್ಟಿನ ದಂಡವಲ್ಲ, ಸದ್ದಿಲ್ಲದೆ ತೆಗೆದುಹಾಕಿದ ಪುಟಗಳು. ಆ ಪುಟಗಳನ್ನು ಹಿಂದಕ್ಕೆ ತರಲು ಮೂರು ದಶಕಗಳೇ ಹಿಡಿದವು. ಪುಟ ಹೋದ ದಿನವೇ ಕೇಳುವ ಸಮಾಜ ಮಾತ್ರ ತನ್ನ ಮಕ್ಕಳ ಕಲಿಯುವ ಹಕ್ಕನ್ನು ಉಳಿಸಿಕೊಳ್ಳಬಲ್ಲದು.